ಸಂಚಾರನಿರ್ಬಂಧವೂ ಕೂಸುಗಳ ಶಸ್ತ್ರಚಿಕಿತ್ಸೆಯೂ

ಕೋವಿಡ್ ಮಹಾಮಾರಿಯ ಕಾಲದ ಖರೀದಿಗಳಲ್ಲಿ ಅವ್ಯವಹಾರಗಳಾದವೆಂಬ ಆರೋಪವನ್ನು ವಿಚಾರಿಸುವ ಸಲುವಾಗಿ ರಾಜ್ಯ ಸರಕಾರವು 2023ನೆಯ ಇಸವಿಯಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಕುನ್ಹ ಅವರ ಆಯೋಗವನ್ನು ನೇಮಿಸಿದುದು ವಾಚಕರಿಗೆ ತಿಳಿದೇ ಇದೆ. ಸಾರ್ವಜನಿಕರ ಹಣ ಎಲ್ಲಿ ಹೇಗೆ ವೆಚ್ಚವಾಯಿತೆಂಬುದರ ಲೆಕ್ಕ ಬೇಕಾದದ್ದೇ. ಆ ವಿಷಯದಲ್ಲಿ ನಮ್ಮದೇನೂ ತಕರಾರಿಲ್ಲ. ಆದರೆ ಅದೇ ಕಾಲದ ಇನ್ನೊಂದು ಲೆಕ್ಕವಿದೆ. ಅದು ರೂಪಾಯಿಗಳಲ್ಲಿ ಬರೆಯತಕ್ಕದ್ದಲ್ಲ. ಶಸ್ತ್ರಚಿಕಿತ್ಸೆ ಅವಶ್ಯವಾಗಿದ್ದೂ ತಕ್ಕ ಕಾಲದಲ್ಲಿ ಶಸ್ತ್ರವೈದ್ಯನ ಕೈಗೆ ತಲುಪದೆ ಉಳಿದ ಕೂಸುಗಳೆಷ್ಟು? ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಮಟ್ಟಿಗಾದರೂ ಆ ಲೆಕ್ಕವನ್ನು ತೆಗೆಯಿಸಬೇಕೆಂದೂ, ಮುಂದೆ ಎಂದಾದರೂ ಅಂಥ ನಿರ್ಬಂಧವನ್ನು ಹೇರುವ ಪ್ರಸಂಗ ಬಂದಲ್ಲಿ ಕೂಸುಗಳ ಸಲುವಾಗಿ ಅನ್ವಯಿಸತಕ್ಕ ನಿಯಮವನ್ನು ಈಗಲೇ ಬರೆದಿಡಬೇಕೆಂದೂ ನಾವು ಇಂದು ಸರಕಾರದವರನ್ನು ಕೇಳುತ್ತೇವೆ.

ಸಂಗತಿಗಳನ್ನು ಮೊದಲು ನೆನಪಿಗೆ ತಂದುಕೊಳ್ಳೋಣ. 2020ನೆಯ ಮಾರ್ಚ್ 20ರಂದು ಕೇಂದ್ರ ಆರೋಗ್ಯ ಮಂತ್ರಾಲಯವು ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದಕ್ಕೆ ಹಾಕಬೇಕೆಂದು ಆಸ್ಪತ್ರೆಗಳಿಗೆ ಸೂಚನೆಯಿತ್ತಿತು. 22ರಂದು ಜನತಾ ಕರ್ಫ್ಯೂ ಆಯಿತು. ಕೊಂಕಣ ರೈಲುದಾರಿಯ ಪ್ರಯಾಣಿಕರ ಗಾಡಿಗಳೂ ನಿಂತವು. 25ರಿಂದ ದೇಶಕ್ಕೆ ದೇಶವೇ ಬಂದಾಯಿತು. ಇಪ್ಪತ್ತೊಂದು ದಿನವೆಂದು ಹೇಳಿದ ಲಾಕ್‌ಡೌನ್ ಮೇ 3ರ ವರೆಗೆ, ಮೇ 17ರ ವರೆಗೆ, ಮೇ 31ರ ವರೆಗೆ ಎಂದು ಬೆಳೆಯುತ್ತ ಹೋಯಿತು. ಮರುವರ್ಷ ಏಪ್ರಿಲ್ ಕೊನೆಯಿಂದ ಜೂನ್ ತಿಂಗಳ ವರೆಗೆ ರಾಜ್ಯದಲ್ಲಿ ಎರಡನೆಯ ಸಲ ಬಸ್ಸುಗಳು ನಿಂತು, ಜಿಲ್ಲೆಗಳ ಗಡಿಗಳಲ್ಲಿ ಮತ್ತೆ ತಪಾಸಣೆಯ ಠಾಣೆಗಳು ಎದ್ದವು. ಭಟ್ಕಳದ ಪಾಲಿಗೆ ಈ ಬಂದಿ ಇನ್ನೂ ಬಿಗಿಯಾಗಿತ್ತು. ಉತ್ತರ ಕನ್ನಡ ಜಿಲ್ಲೆಯಲ್ಲಿ ರೋಗವು ಮೊದಲು ಕಾಣಿಸಿದ್ದು ಆ ಊರಿನಲ್ಲಿಯೇ, ಕೊಲ್ಲಿ ದೇಶಗಳಿಂದ ಮರಳಿದವರಲ್ಲಿ. ರೋಗಿಗಳನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯಲ್ಲಿರಿಸಿ ಉಪಚರಿಸಿದರು. ಊರಿನ ಬೀದಿಗಳನ್ನು ಮುಚ್ಚಿದರು. ರೋಗವು ಹಬ್ಬದಂತೆ ತಡೆಯುವುದೇ ಇದರ ಉದ್ದೇಶವಾಗಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಆಜ್ಞೆಯ ಕಾಗದದಲ್ಲಿ ಆಸ್ಪತ್ರೆಗಳಿಗೆ ವಿನಾಯಿತಿಯಿತ್ತು. ವೈದ್ಯಕೀಯ ತುರ್ತಿಗೆ ಹೋಗುವವರಿಗೆ ದಾರಿಯೂ ಇತ್ತು. ಹಾಗಿದ್ದರೆ ತೊಡಕೆಲ್ಲಿ ಎಂದು ಬೆಂಗಳೂರಿನಲ್ಲಿ ಕುಳಿತ ಅಧಿಕಾರಿಗಳು ಕೇಳಬಹುದು. ತೊಡಕಿರುವುದು ಇಲ್ಲಿಯ ಭೂಗೋಳದಲ್ಲಿ. ಬೆಂಗಳೂರಿನ ತಂದೆಗೆ ಕೂಸನ್ನು ಆಸ್ಪತ್ರೆಗೆ ಒಯ್ಯುವುದೆಂದರೆ ಪಕ್ಕದ ಬಡಾವಣೆಗೆ ಹೋಗುವುದು. ಭಟ್ಕಳದ ತಂದೆಗೆ ಅದು ಜಿಲ್ಲೆಯನ್ನೇ ದಾಟುವುದು. ಮಣಿಪಾಲಕ್ಕೆ ಭಟ್ಕಳದಿಂದ ಸುಮಾರು 90 ಕಿಲೋಮೀಟರು, ಕುಮಟೆಯಿಂದ ಸುಮಾರು 150. ಮಂಗಳೂರು ಅದರಾಚೆ. ದೇವಿಮನೆ ಘಟ್ಟವನ್ನು ಹತ್ತಿ ಸಿರ್ಸಿಯ ಮೇಲೆ ಹುಬ್ಬಳ್ಳಿಗೆ ಹೋಗುವುದಾದರೂ ಕುಮಟೆಯವರಿಗೆ ದಾರಿ ಹೆಚ್ಚುಕಡಮೆ ಅಷ್ಟೇ. ಕಾರವಾರದಲ್ಲಿ 2016ರಿಂದ ಸರಕಾರದ ವೈದ್ಯಕೀಯ ಮಹಾವಿದ್ಯಾಲಯವಿರುವುದು ನಿಜ. ಆದರೂ ತೀರ ಚಿಕ್ಕ ಕೂಸಿಗೆ ಕತ್ತರಿ ಹಾಕಬೇಕಾದ ಪ್ರಸಂಗ ಬಂದಾಗ ನಮ್ಮ ಕರಾವಳಿಯ ತಂದೆತಾಯಿಗಳು ಮುಖ ಮಾಡುವುದು ದಕ್ಷಿಣಕ್ಕೇ. ಆದ್ದರಿಂದ ಭಟ್ಕಳದ ಆಚೆಗಿನ ಶಿರೂರಿನಲ್ಲಿ, ಎಂದರೆ ಉಡುಪಿ ಜಿಲ್ಲೆಯ ಹೊಸ್ತಿಲಿನಲ್ಲಿ, ಒಂದು ಅಡ್ಡಗಂಬ ಬಿದ್ದಿತೆಂದರೆ ಈ ಮೂರು ತಾಲೂಕುಗಳ ಕೂಸುಗಳಿಗೆ ಆಸ್ಪತ್ರೆಯ ಬಾಗಿಲೇ ಬಿದ್ದಂತೆ.

ತಾಲೂಕು ಆಸ್ಪತ್ರೆಗಳಿಲ್ಲವೆ ಎಂದರೆ ಇವೆ, ಮೂರೂ ಊರುಗಳಲ್ಲಿ ಇವೆ. ಅಲ್ಲಿಯ ಡಾಕ್ಟರರು ಆ ಎರಡು ವರ್ಷಗಳಲ್ಲಿ ಪಟ್ಟ ಪಾಡನ್ನು ಬಲ್ಲವರು ಅವರನ್ನು ನಿಂದಿಸಲಾರರು. ಆದರೆ ಕೂಸಿನ ಶಸ್ತ್ರಚಿಕಿತ್ಸೆಯೆಂಬುದು ದೊಡ್ಡವರ ಶಸ್ತ್ರಚಿಕಿತ್ಸೆಯ ಚಿಕ್ಕ ನಕಲಲ್ಲ. ಮೂರು ಕಿಲೋ ತೂಕದ ದೇಹಕ್ಕೆ ಅರಿವಳಿಕೆ ಕೊಡುವುದು ಬೇರೆಯೇ ಒಂದು ವಿದ್ಯೆ. ಉಸಿರಿನ ನಳಿಕೆಯಿಂದ ಹಿಡಿದು ಹೊಲಿಗೆಯ ದಾರದ ವರೆಗೆ ಸಾಮಾನು ಬೇರೆ. ಶಸ್ತ್ರಕ್ರಿಯೆಯಾದ ಮೇಲೆ ಕೂಸಿನ ಮೈ ತಣ್ಣಗಾಗದಂತೆ, ರಕ್ತದ ಸಕ್ಕರೆ ಇಳಿಯದಂತೆ ಹಗಲಿರುಳು ನೋಡಿಕೊಳ್ಳುವ ದಾದಿಯರು ಬೇಕು. ಇವಿಲ್ಲದ ಕಡೆ ಒಳ್ಳೆಯ ಶಸ್ತ್ರವೈದ್ಯನೂ ಕೈಹಚ್ಚಲು ಹಿಂಜರಿಯುತ್ತಾನೆ. ಹಿಂಜರಿಯುವುದೇ ಅವನ ವಿವೇಕ. ಇನ್ನು ಮಂಜೂರಾದ ಹುದ್ದೆ ಒಂದು ಮಾತು, ಆ ಹುದ್ದೆಯಲ್ಲಿ ಕುಳಿತ ಮನುಷ್ಯ ಇನ್ನೊಂದು ಮಾತು ಎಂಬುದನ್ನು ನಮ್ಮ ವಾಚಕರಾದ ಅಧಿಕಾರಿಗಳಿಗೆ ನಾವು ವಿವರಿಸಬೇಕಾಗಿಲ್ಲ.

‘ತುರ್ತಲ್ಲದ ಶಸ್ತ್ರಚಿಕಿತ್ಸೆ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡತಕ್ಕದ್ದಿದೆ, ಏಕೆಂದರೆ ಅನರ್ಥಕ್ಕೆ ಮೂಲವಾದದ್ದು ಆ ಮಾತೇ. ದೊಡ್ಡವನ ಮೊಣಕಾಲಿನ ಶಸ್ತ್ರಕ್ರಿಯೆ ಆರು ತಿಂಗಳು ತಡವಾದರೆ ಆತ ಆರು ತಿಂಗಳು ನೋವು ತಿನ್ನುತ್ತಾನೆ. ಕೂಸಿನ ಸಂಗತಿ ಹಾಗಲ್ಲ. ಅದರ ದೇಹದಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಪಂಚಾಂಗವಿದೆ. ಪಿತ್ತನಾಳ ಕಟ್ಟಿಹೋಗಿ ಹುಟ್ಟಿದ ಕೂಸಿಗೆ ಅರವತ್ತು ದಿನಗಳೊಳಗಾಗಿ ಶಸ್ತ್ರಕ್ರಿಯೆಯಾದರೆ ಒಳ್ಳೆಯ ಆಸೆಯುಂಟು. ದಿನ ಮೀರಿದಂತೆಲ್ಲ ಯಕೃತ್ತು ಗಟ್ಟಿಯಾಗುತ್ತ ಹೋಗಿ ಆಸೆ ಕುಂದುತ್ತದೆ. ಇಂಥ ಕೂಸು ಹೊರಗೆ ಕಾಣುವುದಕ್ಕೆ ಬರಿಯ ಕಾಮಾಲೆಯ ಕೂಸು. ಮಲವು ಸುಣ್ಣದಂತೆ ಬೆಳ್ಳಗಾಗುವುದನ್ನು ಗುರುತಿಸಿ ಹೇಳುವವರಿಲ್ಲದಿದ್ದರೆ ಮನೆಯವರು ಕಾಮಾಲೆಯ ನಾಟಿಮದ್ದಿನಲ್ಲಿ ತಿಂಗಳು ಕಳೆಯುತ್ತಾರೆ. ಹುಟ್ಟಿನಿಂದಲೇ ಕಣ್ಣಿನಲ್ಲಿ ಪೊರೆಯಿರುವ ಕೂಸಿಗೆ ಮೊದಲ ಕೆಲವು ವಾರಗಳಲ್ಲಿ ಅದನ್ನು ತೆಗೆಯದಿದ್ದರೆ ಮಿದುಳು ನೋಡುವುದನ್ನೇ ಕಲಿಯದೆ ಹೋಗುತ್ತದೆ. ಮೂರು ವರ್ಷಕ್ಕೆ ಪೊರೆ ತೆಗೆದರೂ ದೃಷ್ಟಿ ಪೂರ್ಣವಾಗಿ ಬಾರದು. ವೃಷಣವು ಕೆಳಗಿಳಿಯದ ಗಂಡು ಕೂಸಿಗೆ ಒಂದೂವರೆ ವರ್ಷದೊಳಗೆ ಅದನ್ನು ಸರಿಪಡಿಸಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಸೊಟ್ಟ ಪಾದದ ಕೂಸಿಗೆ ವಾರಕ್ಕೊಮ್ಮೆ ಹೊಸ ಪ್ಲಾಸ್ಟರು ಹಾಕಿ, ಐದಾರು ವಾರಗಳಲ್ಲಿ ಪಾದವನ್ನು ತಿರುಗಿಸಿ, ಬಳಿಕ ಹಿಮ್ಮಡಿಯ ನರವನ್ನು ಕೊಯ್ಯುವ ಕ್ರಮವಿದೆ. ಮೂರನೆಯ ಪ್ಲಾಸ್ಟರಿನ ದಿನ ಬಸ್ಸು ನಿಂತಿತೆಂದರೆ ಮೊದಲೆರಡರ ಗುಣ ಎಲ್ಲಿ ಉಳಿಯಿತು? ಇವಾವುವೂ ಅಂದಿನ ಅರ್ಥದಲ್ಲಿ ತುರ್ತಲ್ಲ. ರಾತ್ರಿ ಹನ್ನೆರಡಕ್ಕೆ ಆಂಬುಲೆನ್ಸ್ ಕೂಗುತ್ತ ಓಡುವ ಪ್ರಸಂಗಗಳಲ್ಲ. ಆದರೆ ಕಾಲ ಮೀರಿದ ಮೇಲೆ ಯಾವ ಸರಕಾರವೂ ಅವನ್ನು ಹಿಂದಕ್ಕೆ ಕೊಡಲಾರದು.

ನಿಜವಾದ ತುರ್ತಿನ ಮಾತಾದರೂ ಸರಳವೆ? ಹಡವಳ್ಳಿಯ ಒಬ್ಬ ಕೂಲಿಕಾರನ ಒಂದು ವರ್ಷದ ಕೂಸು ಸಂಜೆಯ ಹೊತ್ತಿಗೆ ಅಳತೊಡಗಿತೆನ್ನೋಣ. ಕಾಲುಗಳನ್ನು ಹೊಟ್ಟೆಗೆ ಸೆಳೆದುಕೊಂಡು ಚೀರುತ್ತದೆ, ಕಾಲು ಗಂಟೆ ಸುಮ್ಮನಾಗುತ್ತದೆ, ಮತ್ತೆ ಚೀರುತ್ತದೆ. ಸುಮ್ಮನಾದಾಗ ತಾಯಿ ನಿಟ್ಟುಸಿರು ಬಿಡುತ್ತಾಳೆ. ಕರುಳಿನ ಒಂದು ತುಂಡು ಮುಂದಿನ ತುಂಡಿನೊಳಕ್ಕೆ ನುಗ್ಗಿ ಸಿಕ್ಕಿಕೊಳ್ಳುವ ರೋಗದ ಲಕ್ಷಣವಿದು. ಮೊದಲ ತಾಸುಗಳಲ್ಲಿ ಬಲ್ಲವರ ಕೈಗೆ ಸಿಕ್ಕರೆ ಹೊಟ್ಟೆ ಕೊಯ್ಯದೆಯೇ, ಗುದದ್ವಾರದಿಂದ ಗಾಳಿಯನ್ನೋ ದ್ರವವನ್ನೋ ಹಾಯಿಸಿ, ಅನೇಕ ಕೂಸುಗಳಲ್ಲಿ ಅದನ್ನು ಬಿಡಿಸಬಹುದು. ಒಂದು ದಿನ ಕಳೆದರೆ ಕೊಯ್ಯಬೇಕಾದೀತು. ಎರಡು ದಿನ ಕಳೆದರೆ ಕರುಳು ಸತ್ತು ಅದನ್ನು ಕತ್ತರಿಸಿ ತೆಗೆಯಬೇಕಾದೀತು, ಅಥವಾ ಕೂಸನ್ನೇ ಕಳೆದುಕೊಳ್ಳಬೇಕಾದೀತು. ಈಗ ಆ ಕೂಲಿಕಾರನು ಬಾಡಿಗೆಯ ರಿಕ್ಷಾ ಹುಡುಕಿ, ಮೊದಲ ಠಾಣೆಯಲ್ಲಿ ನಿಂತು, ತನ್ನ ಕೂಸಿನ ರೋಗವನ್ನು ಪೋಲೀಸಿನವನಿಗೆ ತಿಳಿಸಬೇಕು. ಆ ಗಳಿಗೆಯಲ್ಲಿ ಕೂಸು ಸುಮ್ಮನಿದ್ದರೆ? ಇದು ತುರ್ತು ಹೌದೋ ಅಲ್ಲವೋ ಎಂದು ಶಿಶುವೈದ್ಯನಿಗೇ ಮುಟ್ಟಿ ನೋಡಿದ ಹೊರತು ಹೇಳಲಾಗದಿದ್ದಾಗ, ಲಾಠಿ ಹಿಡಿದ ತರುಣನೊಬ್ಬನು ರಸ್ತೆಯ ಮಧ್ಯದಲ್ಲಿ ನಿಂತು ಹೇಳಲಾರನು. ಆ ತರುಣನನ್ನು ನಾವು ದೂರುವುದಿಲ್ಲ. ಅವನ ಕೈಗೆ ಈ ತೀರ್ಪನ್ನು ಕೊಟ್ಟ ಆಜ್ಞೆಯನ್ನು ದೂರುತ್ತೇವೆ.

ಆ ತಿಂಗಳುಗಳಲ್ಲಿ ಅಪೆಂಡಿಕ್ಸ್ ಒಡೆದ ಮೇಲೆ ಆಸ್ಪತ್ರೆಗೆ ಬಂದ ಮಕ್ಕಳ ಪ್ರಮಾಣ ಹೆಚ್ಚಿತೆಂದು ಬೇರೆ ಬೇರೆ ದೇಶಗಳ ಆಸ್ಪತ್ರೆಗಳಿಂದ ವರದಿಗಳು ಬಂದಿವೆ. ಒಳ್ಳೆಯ ರಸ್ತೆ, ಮನೆಮನೆಗೆ ವಾಹನ, ಕರೆದೊಡನೆ ಬರುವ ಆಂಬುಲೆನ್ಸ್ ಇರುವ ದೇಶಗಳಲ್ಲಿಯೇ ಹೀಗಾದರೆ ಗೇರುಸೊಪ್ಪೆಯ ಒಳಹಳ್ಳಿಗಳಲ್ಲಿ, ಸಂತೆಗುಳಿಯ ಗುಡ್ಡದ ಮನೆಗಳಲ್ಲಿ ಹೇಗಾಗಿರಬೇಕು? ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ನೇತೃತ್ವದ ಸಂಶೋಧಕರ ಕೂಟವೊಂದು 2020ರ ಮೇ ತಿಂಗಳಲ್ಲಿ ಹಾಕಿದ ಅಂದಾಜಿನಂತೆ, ಹಾವಳಿಯ ಹನ್ನೆರಡು ವಾರಗಳಲ್ಲಿ ಜಗತ್ತಿನಲ್ಲಿ 2 ಕೋಟಿ 84 ಲಕ್ಷ ಶಸ್ತ್ರಚಿಕಿತ್ಸೆಗಳೂ ನಮ್ಮ ದೇಶದಲ್ಲಿ ಸುಮಾರು 5 ಲಕ್ಷ 80 ಸಾವಿರವೂ ರದ್ದಾಗುವುವು ಇಲ್ಲವೆ ಮುಂದಕ್ಕೆ ಹೋಗುವುವು. ಇದು ಎಲ್ಲ ವಯಸ್ಸಿನವರ ಲೆಕ್ಕ. ಮಹಾಮಾರಿಗೆ ಮೊದಲೇ ಕೂಸುಗಳ ಸ್ಥಿತಿ ಹೇಗಿತ್ತೆಂಬುದಕ್ಕೆ ಇನ್ನೊಂದು ಆಧಾರವಿದೆ. ಜೀರ್ಣಾಂಗಗಳ ಹುಟ್ಟುದೋಷವಿರುವ ಶಿಶುಗಳ ಬಗೆಗೆ 74 ದೇಶಗಳ 264 ಆಸ್ಪತ್ರೆಗಳಿಂದ ಸಂಗ್ರಹಿಸಿ ಲ್ಯಾನ್ಸೆಟ್ ಪತ್ರಿಕೆಯು 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸಿರಿವಂತ ದೇಶಗಳಲ್ಲಿ ನೂರಕ್ಕೆ ಆರಕ್ಕಿಂತ ಕಡಮೆ ಶಿಶುಗಳು ಸತ್ತರೆ ಮಧ್ಯಮ ವರ್ಗದ ದೇಶಗಳಲ್ಲಿ ಇಪ್ಪತ್ತು, ಬಡ ದೇಶಗಳಲ್ಲಿ ಸುಮಾರು ನಲವತ್ತು ಸಾಯುತ್ತವೆ. ದೋಷ ಒಂದೇ, ಶಸ್ತ್ರಕ್ರಿಯೆ ಒಂದೇ. ಹುಟ್ಟಿದ ಊರು ಮಾತ್ರ ಬೇರೆ.

ನಮ್ಮ ಮಾತಿಗೆ ಎದುರುಮಾತಿದೆಯೆಂಬುದನ್ನು ಬಲ್ಲೆವು. ರೋಗ ತಗಲಿದವನಿಗೆ ಶಸ್ತ್ರಕ್ರಿಯೆ ಮಾಡಿದರೆ ಅಪಾಯ ಹೆಚ್ಚೆಂಬುದು ಅದೇ ಕಾಲದಲ್ಲಿ ತಿಳಿದುಬಂತು; 1,128 ರೋಗಿಗಳ ಒಂದು ಪರಿಶೀಲನೆಯಲ್ಲಿ ತಿಂಗಳೊಳಗಾಗಿ ನೂರಕ್ಕೆ ಇಪ್ಪತ್ತನಾಲ್ಕರಷ್ಟು ಮಂದಿ ಸತ್ತರು. ಅವರಲ್ಲಿ ಬಹುಪಾಲು ದೊಡ್ಡವರೇ ಎಂಬುದು ನಿಜವಾದರೂ ಆ ದಿನ ಆಸ್ಪತ್ರೆಯವರು ಎಚ್ಚರ ವಹಿಸಿದ್ದರಲ್ಲಿ ತಪ್ಪಿಲ್ಲ. ಹಾಸಿಗೆಗಳೂ ಆಮ್ಲಜನಕವೂ ಅರಿವಳಿಕೆಯ ಡಾಕ್ಟರರೂ ಬೇರೆ ಕಡೆಗೆ ಬೇಕಾಗಿದ್ದರು. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯನ್ನು ಕೋವಿಡ್ ರೋಗಿಗಳಿಗೇ ಮೀಸಲಿಟ್ಟದ್ದು ಇದೇ ಕಾರಣದಿಂದ. ಭಾರತೀಯ ಶಿಶುಶಸ್ತ್ರವೈದ್ಯರ ಸಂಘವು ಕೂಡ ಯಾವುದನ್ನು ಮಾಡಬೇಕು, ಯಾವುದನ್ನು ತಡೆಯಬಹುದು ಎಂದು ಮಾರ್ಗಸೂಚಿಯನ್ನಿತ್ತಿತು. ನಮ್ಮ ಆಕ್ಷೇಪಣೆ ಮುಂದೂಡಿದ್ದಕ್ಕಲ್ಲ. ಹೀಗೆ ಮುಂದೂಡಿದ ಕೂಸುಗಳ ಹೆಸರನ್ನು ಬರೆದಿಟ್ಟುಕೊಂಡು, ದಾರಿ ತೆರೆದೊಡನೆ ಅವರ ಮನೆಗೆ ಹೋಗಿ ‘ನಿಮ್ಮ ಸರದಿ ಬಂತು’ ಎಂದು ಹೇಳುವ ಹೊಣೆ ಯಾರದೆಂದು ಆಜ್ಞೆಯಲ್ಲಿ ಬರೆಯದಿದ್ದುದಕ್ಕೆ.

ಭಟ್ಕಳದ ಜನರು ಇನ್ನೊಂದು ಸಂಕಟವನ್ನೂ ಉಂಡಿದ್ದಾರೆ. 2020ರ ಮೇ 8ರಂದು ಒಂದೇ ದಿನ ಆ ಊರಿನಲ್ಲಿ 12 ಮಂದಿಗೆ ರೋಗ ತಗಲಿದ್ದು ಪ್ರಕಟವಾಯಿತು. ಅದರ ಜಾಡನ್ನು ಹಿಡಿದ ಅಧಿಕಾರಿಗಳು, ಕೂಸಿನ ಚಿಕಿತ್ಸೆಗೆಂದು ಮಂಗಳೂರಿನ ಆಸ್ಪತ್ರೆಗೆ ಹೋಗಿ ಬಂದ ಕುಟುಂಬದತ್ತ ಬೆರಳು ತೋರಿಸಿದರು. ಕೂಸನ್ನು ಉಳಿಸಿಕೊಳ್ಳಲು ಹೋದದ್ದು ಅಪರಾಧವೆಂಬಂತೆ ಬಾಯಿಗೆ ಬಂದದ್ದನ್ನು ಆಡಿದವರೂ ಉಂಟು. ರೋಗದ ಮೂಲವನ್ನು ಹುಡುಕುವುದು ಅಧಿಕಾರಿಗಳ ಕರ್ತವ್ಯ; ಅದು ಬೀದಿಯ ಮಾತಾದದ್ದು ಅನರ್ಥ. ಅಂದಿನಿಂದ ದಕ್ಷಿಣದ ಆಸ್ಪತ್ರೆಗೆ ಹೊರಡಬೇಕಾದ ಯಾವ ತಾಯಿಗೆ ತಾನೇ ಧೈರ್ಯ ಬಂದೀತು? ಠಾಣೆಯ ಪೋಲೀಸಿನವನು ಬಿಟ್ಟರೂ ನೆರೆಹೊರೆಯವರು ಬಿಡರೆಂಬ ಭಯವು ಯಾವ ಅಡ್ಡಗಂಬಕ್ಕೂ ಕಡಮೆಯಾದದ್ದಲ್ಲ.

ಹಣದ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ದೋಣಿಗಳು ದಡ ಸೇರಿದ್ದವು, ಕೂಲಿ ನಿಂತಿತ್ತು, ದುಬೈಯಲ್ಲಿ ದುಡಿಯುವ ತಂದೆಗೆ ವಿಮಾನವಿರಲಿಲ್ಲ. ಸರಕಾರದ ಆರೋಗ್ಯ ಯೋಜನೆಯಿದ್ದರೂ ದೊಡ್ಡ ಆಸ್ಪತ್ರೆಯ ಬಾಗಿಲಿಗೆ ಅದು ಸಲ್ಲಬೇಕಾದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆ ಪತ್ರಕ್ಕೆ ಮೊದಲು ತಾಲೂಕಿನ ಊರಿಗೆ ಬರಬೇಕು. ಬರಲು ಬಸ್ಸು ಬೇಕು.

ಇದಕ್ಕಿಂತ ಆಳವಾದ ಹಾನಿ ಕಣ್ಣಿಗೆ ಕಾಣದಂತೆ ನಡೆಯಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಹೋಗಿ ಮಕ್ಕಳನ್ನು ಪರೀಕ್ಷಿಸತಕ್ಕದ್ದು. ಎದೆಯ ಬಡಿತದ ದೋಷ, ಸೀಳು ತುಟಿ, ಸೊಟ್ಟ ಪಾದ, ಕಣ್ಣಿನ ಪೊರೆ ಇವನ್ನೆಲ್ಲ ಹುಡುಕುವವರು ಅವರೇ. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಂಥ ಕಡೆ ಡಾಕ್ಟರರು ಕೂಸನ್ನು ಮುಟ್ಟಿ ನೋಡುವುದು ಬಹುಶಃ ಆ ಒಂದೇ ಸಲ. ಶಾಲೆ ಮುಚ್ಚಿತು, ಅಂಗನವಾಡಿ ಮುಚ್ಚಿತು. ಅಂಗನವಾಡಿ ಕಾರ್ಯಕರ್ತೆಯರನ್ನೂ ಆಶಾ ಕಾರ್ಯಕರ್ತೆಯರನ್ನೂ ಮನೆಮನೆಯ ಕೋವಿಡ್ ಸಮೀಕ್ಷೆಗೆ ಹಚ್ಚಿದರು. ಒಂದರಿಂದ ಐದನೆಯ ಇಯತ್ತೆಯ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು! ಆ ಅವಧಿಯಲ್ಲಿ ಹುಟ್ಟಿದ ಕೂಸಿನ ಹೃದಯದ ತೂತನ್ನು ಯಾರು ಕೇಳಿಸಿಕೊಂಡರು? ಮುಂದೂಡಿದ ಶಸ್ತ್ರಚಿಕಿತ್ಸೆಯಾದರೂ ಯಾವುದೋ ಆಸ್ಪತ್ರೆಯ ವಹಿಯಲ್ಲಿ ಒಂದು ಸಾಲಾಗಿ ಉಳಿದೀತು. ಗೊತ್ತೇ ಆಗದ ರೋಗಕ್ಕೆ ಆ ಸಾಲೂ ಇಲ್ಲ.

ಮಹಾಮಾರಿಯ ಕಾಯದೆಯ ವಿಷಯವಾಗಿ ಒಂದು ಮಾತು ಇಲ್ಲಿ ಅಪ್ರಸ್ತುತವಾಗದು. 1897ರಲ್ಲಿ, ಮುಂಬಯಿಯ ಪ್ಲೇಗಿನ ನಿಮಿತ್ತ, ಪರರ ಸರಕಾರವು ಬೆರಳೆಣಿಕೆಯ ಕಲಮುಗಳ ಒಂದು ಕಾಯದೆಯನ್ನು ಹೊರಡಿಸಿತು. ನಮ್ಮ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಜನರನ್ನು ತಡೆಯುವ, ಶೋಧಿಸುವ, ಬೇರೆಯಿರಿಸುವ ಅಧಿಕಾರವನ್ನೆಲ್ಲ ಕೊಟ್ಟ ಆ ಕಾಯದೆಯಲ್ಲಿ ತಡೆಯಲ್ಪಟ್ಟವನ ಹಕ್ಕಿನ ಮಾತೇ ಇಲ್ಲ. ಪರಕೀಯರಿಂದ ಅದನ್ನು ನಿರೀಕ್ಷಿಸುವಂತೆಯೂ ಇರಲಿಲ್ಲ. ಸ್ವರಾಜ್ಯ ಬಂದು ಎಪ್ಪತ್ತು ವರ್ಷ ಕಳೆದ ಮೇಲೆ 2020ರ ಮಾರ್ಚಿಯಲ್ಲಿ ನಮ್ಮವರು ಕೈಗೆತ್ತಿಕೊಂಡದ್ದು ಅದನ್ನೇ. ಅದೇ ವರ್ಷ ಕರ್ನಾಟಕವು ತನ್ನದೇ ಕಾಯದೆಯನ್ನು ಮಾಡಿಕೊಂಡಿತು. ತನ್ನದಾದ ಕಾಯದೆಯಲ್ಲಿ ತನ್ನ ಕೂಸುಗಳ ಸಲುವಾಗಿ ಒಂದು ನಿಯಮವನ್ನು ಸೇರಿಸಿಕೊಳ್ಳಲು ಯಾರ ಅಪ್ಪಣೆ ಬೇಕು?

ಇದು ಆಗದ ಕೆಲಸವಲ್ಲವೆಂಬುದಕ್ಕೆ ನೆರೆಯಲ್ಲಿಯೇ ದೃಷ್ಟಾಂತವಿದೆ. ಅದೇ ಮಾರ್ಚಿಯಲ್ಲಿ ತಲಪಾಡಿಯ ಗಡಿದಾರಿಯನ್ನು ಮುಚ್ಚಿದರು, ಕೆಲವು ದಾರಿಗಳಿಗೆ ಮಣ್ಣು ಸುರಿದರು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ನಮ್ಮ ಕನ್ನಡ ಬಂಧುಗಳೂ ಮಲೆಯಾಳಿಗಳೂ ಒಂದೇ ತೆರನಾಗಿ ಕಷ್ಟಕ್ಕೀಡಾದರು. ಸಂಗತಿಯು ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಿ, ಏಪ್ರಿಲ್ ಮೊದಲ ವಾರ ಮುಗಿಯುವಷ್ಟರಲ್ಲಿ ರೋಗಿಗಳನ್ನು ಬಿಡುವ ಕ್ರಮವೊಂದು ನಿಶ್ಚಯವಾಯಿತು. ಎರಡು ರಾಜ್ಯಗಳ ನಡುವೆ ನ್ಯಾಯಾಲಯವಿದ್ದು ಕೇಳಿತು. ಒಂದೇ ರಾಜ್ಯದ ಎರಡು ಜಿಲ್ಲೆಗಳ ನಡುವೆ ಸಿಕ್ಕಿಕೊಂಡ ಹೊನ್ನಾವರದ ತಂದೆಯು ಯಾವ ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು?

ಮಹಾಮಾರಿ ಮುಗಿದ ಕತೆ, ಈಗೇಕೆ ಈ ಮಾತು ಎನ್ನುವವರಿಗೆ ನಮ್ಮ ರಸ್ತೆಯನ್ನು ತೋರಿಸುತ್ತೇವೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲೂಕಿನ ಶಿರೂರಿನ ಟೋಲ್ ಕಟ್ಟೆಗೆ ಅಪ್ಪಳಿಸಿ ನಾಲ್ವರು ಸತ್ತರು. 2024ರ ಜುಲೈ 16ರಂದು ಉತ್ತರಕ್ಕೆ, ಅಂಕೋಲೆ ತಾಲೂಕಿನ ಇನ್ನೊಂದು ಶಿರೂರಿನಲ್ಲಿ, ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿತು. ಕಾರವಾರದ ವೈದ್ಯಕೀಯ ಮಹಾವಿದ್ಯಾಲಯಕ್ಕೆ ಕುಮಟೆಯವರ ನೇರ ದಾರಿ ಅದೇ. ಹೆಸರೊಂದೇ ಆದ ಈ ಎರಡು ಶಿರೂರುಗಳ ನಡುವೆ ನಮ್ಮ ಮೂರು ತಾಲೂಕುಗಳಿವೆ. ಒಂದು ಕಾಲಕ್ಕೆ ಕುಮಟೆಯ ಬಂದರಿನಿಂದ ಘಟ್ಟದ ಮೇಲಿನ ಹತ್ತಿ ಸಮುದ್ರ ದಾಟಿ ಹೋಗುತ್ತಿತ್ತು. ಇಂದು ಅದೇ ಊರಿನ ಕೂಸು ಮಳೆಗಾಲದಲ್ಲಿ ಜಿಲ್ಲೆ ದಾಟುವುದು ಕಷ್ಟ. ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂದು 2019ರಿಂದ ತರುಣರು ನಡೆಸಿದ ಚಳವಳಿಯನ್ನು ನಾವು ಬೆಂಬಲಿಸುತ್ತೇವೆ. ಆದರೆ ಕಟ್ಟಡ ಏಳುವ ವರೆಗೆ ಕೂಸಿನ ಕರುಳು ಕಾಯುವುದಿಲ್ಲ. ಹೆಚ್ಚು ಹಣ ಬೇಡದ ಕೆಲಸಗಳನ್ನು ಮೊದಲು ಮಾಡಬಹುದು.

ತಾಲೂಕು ಆಸ್ಪತ್ರೆಯ ಡಾಕ್ಟರರು ಕೂಸಿಗೆ ಕೊಟ್ಟ ಶಿಫಾರಸು ಚೀಟಿಯೇ ಪಾಸು ಎಂದು ಸಾರಬೇಕು. ಅದಿದ್ದವರನ್ನು ಹೋಗುವಾಗಲೂ ಬರುವಾಗಲೂ, ತಂದೆತಾಯಿ ಇಬ್ಬರೊಡನೆ, ಯಾವ ಠಾಣೆಯೂ ತಡೆಯಕೂಡದು. ಚೀಟಿಯಿಲ್ಲದೆ ಕೂಸನ್ನು ಎತ್ತಿಕೊಂಡು ಬಂದವರನ್ನು ಹಿಂದಕ್ಕೆ ಅಟ್ಟದೆ ಹತ್ತಿರದ ಡಾಕ್ಟರರ ಬಳಿಗೆ ಕಳುಹಿಸತಕ್ಕದ್ದು. ಶಸ್ತ್ರಚಿಕಿತ್ಸೆ ಬೇಕಾದ ಕೂಸುಗಳ ಪಟ್ಟಿಯನ್ನು, ಪ್ರತಿಯೊಂದರ ಮುಂದೆ ‘ಇಂಥ ತಿಂಗಳೊಳಗೆ’ ಎಂಬ ಗಡುವಿನೊಡನೆ, ತಾಲೂಕು ಆರೋಗ್ಯಾಧಿಕಾರಿಗಳು ಇಟ್ಟುಕೊಂಡಿರಬೇಕು. ಬಾಲಸ್ವಾಸ್ಥ್ಯದ ತಂಡಗಳ ಕಡತದಲ್ಲಿ ಅದರ ಅರ್ಧ ಭಾಗ ಈಗಾಗಲೇ ಇರತಕ್ಕದ್ದೇ. ಬಸ್ಸು ನಿಂತ ಕಾಲದಲ್ಲಿ ಆ ಪಟ್ಟಿಯ ಕೂಸುಗಳಿಗೆ ವಾರಕ್ಕೊಂದು ವಾಹನ ಕುಮಟೆಯಿಂದ ಹೊರಟು ಹೊನ್ನಾವರ, ಭಟ್ಕಳಗಳನ್ನು ಹಾಯ್ದು ಮಣಿಪಾಲಕ್ಕೆ ಹೋಗಿ ಬಂದರೆ ಪ್ಲಾಸ್ಟರಿನ ಕೂಸೂ ಪೊರೆಯ ಕೂಸೂ ತಲುಪಿಯಾವು. ಕಾರವಾರದ ಮಹಾವಿದ್ಯಾಲಯದಲ್ಲಿ ಶಿಶುಶಸ್ತ್ರವೈದ್ಯರೊಬ್ಬರೂ ಕೂಸುಗಳಿಗೆ ಅರಿವಳಿಕೆ ಕೊಡಬಲ್ಲವರೂ ಸದಾ ಇರುವಂತೆ ನೋಡಿಕೊಂಡು, ತಿಂಗಳಿಗೆ ಒಂದೆರಡು ದಿನ ಅವರನ್ನು ಹೊನ್ನಾವರದ ತಾಲೂಕು ಆಸ್ಪತ್ರೆಯಲ್ಲಿ ಕೂಡಿಸಬೇಕು. ಹಿಂದಿನ ಲೆಕ್ಕವನ್ನು ತೆಗೆಯುವುದೂ ದೊಡ್ಡ ಕೆಲಸವಲ್ಲ. 2020 ಮತ್ತು 2021ರಲ್ಲಿ ಈ ಮೂರು ತಾಲೂಕುಗಳಿಂದ ಶಿಫಾರಸಾಗಿ ಹೋಗದೆ ಉಳಿದ ಕೂಸುಗಳ ಮನೆಗಳಿಗೆ ಆಶಾ ಕಾರ್ಯಕರ್ತೆಯರನ್ನು ಒಂದು ಸಲ ಕಳುಹಿಸಿದರೆ ಸಾಕು. ಅವರಲ್ಲಿ ಇನ್ನೂ ಕಾಯುತ್ತಿರುವ ಮಕ್ಕಳು ಸಿಕ್ಕಾರು. ಅವರಿಗೆ ಈಗ ಐದಾರು ವರ್ಷ, ಶಾಲೆಯಲ್ಲಿದ್ದಾರೆ. ಇನ್ನುಳಿದದ್ದು ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳು ಒಂದು ಮೇಜಿನ ಸುತ್ತ ಕುಳಿತು ಗಡಿಯ ಕ್ರಮವನ್ನು ಬರೆದು ರುಜು ಹಾಕುವುದು. ಅದಕ್ಕೆ ಅರ್ಧ ದಿನ ಸಾಕು. ಮಳೆ ಹಿಡಿಯುವ ಮೊದಲು ಆ ಅರ್ಧ ದಿನವನ್ನು ಅವರು ಗೊತ್ತುಪಡಿಸುವರೆಂದು ನಂಬಿದ್ದೇವೆ.